ಮಾಸ್ ಸ್ಪೆಕ್ ಮೆಷಿನ್ ಕೈಯಲ್ಲಿಲ್ಲದೆ ಪ್ರೋಟೀನ್ ಮೆಥಡ್ ಶುರುಮಾಡುದು ಹೇಗೆ? ಗೇರುಬೀಜ ಹಿಡ್ಕೊಂಡು ಒಂದು ಗೈಡ್

ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಯಲ್ಲೋ, ಕಾಸರಗೋಡು ಗವರ್ನಮೆಂಟ್ ಕಾಲೇಜಲ್ಲೋ, ಇಲ್ಲಾ ದಿನಾ ಟ್ರೈನಲ್ಲಿ ಮಂಗಳೂರಿಗೆ ಹೋಗಿಯೋ ಬಯೋಕೆಮಿಸ್ಟ್ರಿ ಬಯೋಟೆಕ್ ಓದುವ ನಮ್ಮ ಕಡೆಯ ಮಕ್ಕಳು ಪ್ರಾಜೆಕ್ಟ್ ಟೈಮ್ ಬಂದಾಗ ಕೇಳುದು ಒಂದೇ, ಪ್ರೋಟಿಯೋಮಿಕ್ಸ್ (ಸ್ಯಾಂಪಲಲ್ಲಿರುವ ಪ್ರೋಟೀನ್‌ಗಳನ್ನೆಲ್ಲ ಗುರುತಿಸುವ ಕೆಲಸ) ಮಾಡ್ಬೇಕು ಅಂತ ಆಸೆ ಉಂಟು, ಆದ್ರೆ ಮೆಷಿನ್ ಎಲ್ಲಿ ಸಿಗ್ತದೆ ಅಂತ. ಒಳ್ಳೆ ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳ ತೂಕ ಅಳೆಯುವ ಮೆಷಿನ್) ಅಂದ್ರೆ ಕೋಟಿಗಟ್ಟಲೆ ದುಡ್ಡಿನ ವಿಷಯ, ಸರಿ. ಆದ್ರೆ ನಾನು ನೋಡಿದ ಹಾಗೆ ಮೆಥಡ್ ಕೆಡುದು ಮೆಷಿನ್ ಮುಂದೆ ಕೂತಾಗ ಅಲ್ಲ, ಅದಕ್ಕಿಂತ ಬಹಳ ಮೊದ್ಲೇ, ಯಾವ ಪೆಪ್ಟೈಡ್ (ಪ್ರೋಟೀನಿನ ತುಂಡು) ನೋಡ್ಬೇಕು, ಯಾವ ಡೇಟಾಬೇಸ್ ಹಾಕ್ಬೇಕು, ಬಂದ ಉತ್ತರ ಸುಳ್ಳಾದ್ರೆ ಗೊತ್ತಾಗುದು ಹೇಗೆ ಅನ್ನುವ ಯೋಚನೆ ಮಾಡದೆ ಹೋದಾಗ. ಈ ಯೋಚನೆ ಪೂರ್ತಿ ಒಂದು ಸಾಧಾರಣ ಲ್ಯಾಪ್‌ಟಾಪಲ್ಲಿ, ಬದಿಯಡ್ಕದ ಮನೆ ಜಗಲಿಯಲ್ಲಿ ಕೂತು ಮಾಡ್ಬಹುದು. ಸಾಫ್ಟ್‌ವೇರ್ ಹೆಚ್ಚಿನದ್ದು ಫ್ರೀ, ಡೇಟಾ ಕೂಡ ಫ್ರೀ.

ಬರೀ ಥಿಯರಿ ಹೇಳಿದ್ರೆ ಮಂಡೆಬಿಸಿ ಆಗ್ತದೆ, ಹಾಗಾಗಿ ಒಂದು ಉದಾಹರಣೆ ಹಿಡ್ಕೊಂಡು ಹೋಗುವಾ. ನಮ್ಮ ಜಿಲ್ಲೆಯದ್ದೇ ಆಗ್ಲಿ, ಗೇರುಬೀಜ.

ಮೊದ್ಲು ಪ್ರಶ್ನೆ ಗಟ್ಟಿ ಮಾಡಿ

"ಗೇರುಬೀಜದ ಪ್ರೋಟಿಯೋಮ್ ಸ್ಟಡಿ ಮಾಡುದು" ಅನ್ನುದು ಪ್ರಶ್ನೆ ಅಲ್ಲ ಮಾರಾಯ್ರೆ, ಅದು ಬರೀ ಟೈಟಲ್. ಪ್ರಶ್ನೆ ಅಂದ್ರೆ ಹೀಗೆ: ಬೇಕರಿಯಿಂದ ತಂದ ಈ ಸ್ವೀಟಲ್ಲಿ ಗೇರುಬೀಜದ ಪ್ರೋಟೀನ್ ಉಂಟಾ, ಇದ್ರೆ ಒಂದು ಕೆಜಿಗೆ ಎಷ್ಟು ಮಿಲಿಗ್ರಾಂ? ಇದಕ್ಕೆ ಕಾರಣ ಉಂಟು, ಗೇರುಬೀಜಕ್ಕೆ ಅಲರ್ಜಿ ಇರುವವರಿಗೆ ಸ್ವಲ್ಪ ತಾಗಿದ್ರೂ ಜೀವಕ್ಕೆ ಅಪಾಯ ಆಗುದುಂಟು, ಎಫ್‌ಎಸ್‌ಎಸ್‌ಎಐ ಲೇಬಲ್ ನಿಯಮದಲ್ಲಿಯೂ ಮರದ ಬೀಜಗಳನ್ನು ಅಲರ್ಜಿ ಪಟ್ಟಿಯಲ್ಲಿ ಬರೀಬೇಕು ಅಂತ ಉಂಟು. ಈಗ ಸಾಮಾನ್ಯವಾಗಿ ಆಂಟಿಬಾಡಿ ಹಾಕಿ ಪ್ರೋಟೀನ್ ಪತ್ತೆ ಮಾಡುವ ಎಲೈಸಾ ಕಿಟ್ ಉಪಯೋಗಿಸ್ತಾರೆ. ಆದ್ರೆ ಗೇರು, ಪಿಸ್ತಾ, ಮಾವು ಮೂರೂ ಒಂದೇ ಅನಾಕಾರ್ಡಿಯೇಸಿ ಕುಟುಂಬ, ಪಿಸ್ತಾದ ಪ್ರೋಟೀನ್ ಗೇರುಬೀಜದ್ದಕ್ಕೆ ತುಂಬಾ ಹೋಲ್ತದೆ, ಆಂಟಿಬಾಡಿಗೆ ಮೋಸ ಹೋಗುವ ಚಾನ್ಸ್ ಉಂಟು. ಹುರಿದ ಮೇಲೆ ಪ್ರೋಟೀನಿನ ಆಕಾರ ಬದಲಾದ್ರೆ ಆಂಟಿಬಾಡಿ ಹಿಡಿಯದೆಯೂ ಇರ್ಬಹುದು. ಮಾಸ್ ಸ್ಪೆಕ್ ನೋಡುದು ಆಕಾರವನ್ನಲ್ಲ, ಸೀಕ್ವೆನ್ಸ್ (ಅಮೈನೋ ಆಸಿಡ್‌ಗಳ ಸಾಲು) ತುಂಡಿನ ತೂಕವನ್ನು. ಅದೇ ನಮಗೆ ಬೇಕಾದ್ದು.

ಮೆಷಿನ್ ಎಂತ ಮಾಡ್ತದೆ, ಚುಟುಕಾಗಿ

ಪ್ರೋಟೀನನ್ನು ಟ್ರಿಪ್ಸಿನ್ ಎಂಜೈಮ್ ಹಾಕಿ ಕತ್ತರಿಸ್ತೇವೆ, ಅದು ಲೈಸಿನ್ ಮತ್ತು ಆರ್ಜಿನಿನ್ ಆದ ಮೇಲೆ ಕತ್ತರಿಸ್ತದೆ, ಆಚೆ ಬದಿಯಲ್ಲಿ ಪ್ರೋಲಿನ್ ಇದ್ರೆ ಸಾಮಾನ್ಯವಾಗಿ ಬಿಟ್ಟುಬಿಡ್ತದೆ. ತುಂಡುಗಳು ಅಂದ್ರೆ ಪೆಪ್ಟೈಡ್‌ಗಳು ಕಾಲಮ್‌ನಿಂದ ಒಂದೊಂದಾಗಿ ಹೊರಗೆ ಬರ್ತವೆ, ಸೂಜಿಯ ತುದಿಯಲ್ಲಿ ಚಾರ್ಜ್ ಪಡೆದು ಗಾಳಿಗೆ ಹಾರ್ತವೆ, ಮೆಷಿನ್ ತೂಕವನ್ನು ಚಾರ್ಜಿನಿಂದ ಭಾಗಿಸಿದ ಸಂಖ್ಯೆ ಅಳೀತದೆ. ಇದಕ್ಕೆ ಎಂ ಬೈ ಝಡ್ ಅಂತಾರೆ. ಆಮೇಲೆ ಒಂದು ಪೆಪ್ಟೈಡನ್ನು ಆರಿಸಿ ಗ್ಯಾಸಿಗೆ ಡಿಕ್ಕಿ ಹೊಡೆಸಿ ಒಡೆದು ಅದರ ಚೂರುಗಳ ತೂಕ ಅಳೀತದೆ, ಅದು ಎಂಎಸ್-ಟು. ಪ್ರೋಟೀನನ್ನು ಹಾಳಾಗದ ಹಾಗೆ ಹಾರಿಸುವ ವಿದ್ಯೆಗೇ 2002ರಲ್ಲಿ ಜಾನ್ ಫೆನ್ ಮತ್ತು ಕೊಯಿಚಿ ತನಾಕಾ ಅವರಿಗೆ ಕೆಮಿಸ್ಟ್ರಿ ನೊಬೆಲ್ ಬಂದದ್ದು. ತನಾಕಾ ಶಿಮಾಡ್ಜು ಕಂಪೆನಿಯ ಇಂಜಿನಿಯರ್, ಪಿಎಚ್‌ಡಿ ಕೂಡ ಇರ್ಲಿಲ್ಲ. ನೆನಪಿಡ್ಬೇಕಾದ್ದು ಇಷ್ಟೇ, ಮೆಷಿನ್ ಯಾವತ್ತೂ "ಇದು ಗೇರುಬೀಜ" ಅಂತ ಹೇಳುದಿಲ್ಲ, ನಂಬರ್ ಕೊಡ್ತದೆ ಅಷ್ಟೆ, ಹೆಸರು ಕೊಡುದು ಸಾಫ್ಟ್‌ವೇರ್.

ಹಂತ 1: ಸೀಕ್ವೆನ್ಸ್ ಇಳಿಸಿಕೊಳ್ಳಿ

ಪ್ರೋಟೀನ್ ಸೀಕ್ವೆನ್ಸ್ ಡೇಟಾಬೇಸ್ ಆದ ಯುನಿಪ್ರೋಟ್ ಸೈಟಿಗೆ ಹೋಗಿ ಗೇರಿನ ಸೈಂಟಿಫಿಕ್ ಹೆಸರು ಅನಾಕಾರ್ಡಿಯಂ ಆಕ್ಸಿಡೆಂಟೇಲ್ ಅಂತ ಹುಡುಕಿ. ಮುಖ್ಯ ಅಲರ್ಜಿ ಪ್ರೋಟೀನ್ ಮೂರು: ಅನಾ ಓ 1 ಅದು ವಿಸಿಲಿನ್ ಜಾತಿ, ಅನಾ ಓ 2 ಲೆಗ್ಯುಮಿನ್ ಜಾತಿ, ಅನಾ ಓ 3 ಸಣ್ಣ 2ಎಸ್ ಆಲ್ಬುಮಿನ್. ಮೂರೂ ಬೀಜದಲ್ಲಿ ಸ್ಟೋರ್ ಆಗುವ ಪ್ರೋಟೀನ್, ಹಾಗಾಗಿ ಧಾರಾಳ ಇರ್ತವೆ, ನಮಗೆ ಒಳ್ಳೇದಾಯ್ತು. ಸೀಕ್ವೆನ್ಸ್ ಅಕ್ಷರಗಳಿರುವ ಫಾಸ್ಟಾ ಫೈಲ್ ಡೌನ್‌ಲೋಡ್ ಮಾಡಿ, ಮಾಡಿದ ತಾರೀಕು ಮತ್ತು ರಿಲೀಸ್ ನಂಬರ್ ಒಂದು ಟೆಕ್ಸ್ಟ್ ಫೈಲಲ್ಲಿ ಬರೆದಿಡಿ, ಯಾಕಂದ್ರೆ ಯುನಿಪ್ರೋಟ್ ಆಗಾಗ ಬದಲಾಗ್ತದೆ, ಆರು ತಿಂಗಳು ಕಳೆದು ಗೈಡ್ ಕೇಳಿದಾಗ ಯಾವ ಫೈಲ್ ಅಂತ ಹುಡುಕಾಡುದು ಬೇಡ.

ಸೀಕ್ವೆನ್ಸಿನ ಶುರುವಲ್ಲಿ ಸಿಗ್ನಲ್ ಪೆಪ್ಟೈಡ್ ಅಂತ ಒಂದು ತುಂಡು ಇರ್ತದೆ, ಅದು ಮಾಗಿದ ಬೀಜದಲ್ಲಿ ಇರುದಿಲ್ಲ, ಕತ್ತರಿಸಿ ಹೋಗಿರ್ತದೆ. ಅಲ್ಲಿಂದ ಪೆಪ್ಟೈಡ್ ಆರಿಸಿದ್ರೆ ಜನ್ಮದಲ್ಲಿ ಸಿಗ್ಲಿಕ್ಕಿಲ್ಲ. ಎಂಟ್ರಿಯ ಫೀಚರ್ ಟೇಬಲಲ್ಲಿ ಸಿಗ್ನಲ್, ಚೈನ್ ಅಂತ ಬರೆದಿರ್ತದೆ, ಅದನ್ನು ಓದದೆ ಮುಂದೆ ಹೋಗ್ಬೇಡಿ.

ಹಂತ 2: ಪೆಪ್ಟೈಡ್ ಆರಿಸುದು, ಇದೇ ಅರ್ಧ ಕೆಲಸ

ಟ್ರಿಪ್ಸಿನ್ ಕತ್ತರಿಸಿದ್ರೆ ಎಂತೆಲ್ಲ ತುಂಡು ಬರ್ತದೆ ಅಂತ ಕಂಪ್ಯೂಟರಲ್ಲೇ ಲಿಸ್ಟ್ ಮಾಡಿ, ಅದರಿಂದ ಜರಡಿ ಹಿಡೀತಾ ಬನ್ನಿ. 7 ಅಮೈನೋ ಆಸಿಡಿಗಿಂತ ಸಣ್ಣದು ಬೇಡ, ಬೇರೆ ಪ್ರೋಟೀನಲ್ಲೂ ಅದೇ ಸಿಗ್ತದೆ. 20ಕ್ಕಿಂತ ಉದ್ದದ್ದು ಕೂಡ ಸಾಧ್ಯ ಆದಷ್ಟು ಬೇಡ. ಮೆಥಿಯೋನಿನ್ ಇದ್ರೆ ಆಕ್ಸಿಡೈಸ್ ಆಗಿ ತೂಕ 15.9949 (ಇಲ್ಲಿ ತೂಕ ಎಲ್ಲ ಡಾಲ್ಟನ್ ಲೆಕ್ಕದಲ್ಲಿ) ಹೆಚ್ಚಾಗ್ತದೆ, ಅರ್ಧ ಆಗಿ ಅರ್ಧ ಆಗದೆ ಇದ್ರೆ ಸಿಗ್ನಲ್ ಎರಡು ಕಡೆ ಹಂಚಿಹೋಗ್ತದೆ, ಪ್ರಮಾಣ ಹೇಳ್ಲಿಕ್ಕೆ ಆಗುದಿಲ್ಲ. ಶುರುವಲ್ಲಿ ಗ್ಲುಟಮಿನ್ ಇದ್ರೆ ಅಮೋನಿಯಾ ಕಳ್ಕೊಂಡು 17.0265 ಕಡಿಮೆ ಆಗುದುಂಟು. ಆಸ್ಪರಜಿನ್ ಪಕ್ಕದಲ್ಲೇ ಗ್ಲೈಸಿನ್ ಇದ್ರೆ ಡಿಅಮಿಡೇಶನ್ (ಆಸ್ಪರಜಿನ್ ಹೋಗಿ ಆಸ್ಪಾರ್ಟಿಕ್ ಆಸಿಡ್ ಆಗುದು) ಬೇಗ ಆಗ್ತದೆ, 0.9840 ಹೆಚ್ಚಾಗ್ತದೆ, ಇದು ಸ್ವಲ್ಪ ಕಳ್ಳ ಬದಲಾವಣೆ, ಯಾಕಂದ್ರೆ ಕಾರ್ಬನ್ 13 ಐಸೋಟೋಪಿನ ಅಂತರ 1.0034, ಎರಡಕ್ಕೂ ವ್ಯತ್ಯಾಸ ಬರೀ 0.0193. ಎರಡು ಚಾರ್ಜ್ ಇರುವ, ಎಂ ಬೈ ಝಡ್ 600ರ ಹತ್ತಿರದ ಪೆಪ್ಟೈಡಲ್ಲಿ ಅದು ಸುಮಾರು 16 ಪಿಪಿಎಂ (ಹತ್ತು ಲಕ್ಷಕ್ಕೆ 16 ಪಾಲು) ಮಾತ್ರ. ಕಡಿಮೆ ರೆಸಲ್ಯೂಶನ್ ಮೆಷಿನಲ್ಲಿ ಎರಡೂ ಒಂದೇ ಪೀಕ್ ಆಗಿ ಕಾಣ್ತದೆ.

ಸಿಸ್ಟೀನ್ ವಿಷಯಕ್ಕೆ ಬಂದ್ರೆ, ಸಾಮಾನ್ಯವಾಗಿ ಬೇಡ ಅಂತಾರೆ, ಆದ್ರೆ ಅನಾ ಓ 3 ಸಣ್ಣ ಪ್ರೋಟೀನ್, ಡೈಸಲ್ಫೈಡ್ ಕಟ್ಟು ತುಂಬಾ ಇರುವಂಥದ್ದು, ಸಿಸ್ಟೀನ್ ಬೇಡ ಬೇಡ ಅಂದ್ರೆ ಕೈಯಲ್ಲಿ ಉಳಿಯುದು ಬೆರಳೆಣಿಕೆ. ಅಂಥ ಕಡೆ ಅಯೋಡೋಅಸಿಟಮೈಡ್ ಹಾಕಿ ಸಿಸ್ಟೀನನ್ನು ಪೂರ್ತಿ ಮುಚ್ಚಿ 57.0215 ಸೇರಿಸಿ ಲೆಕ್ಕ ಹಾಕಿದ್ರೆ ತೊಂದ್ರೆ ಇಲ್ಲ. ರೂಲ್ಸ್ ಅನ್ನುದು ಪ್ರೋಟೀನ್ ನೋಡಿ ಬಗ್ಗಿಸ್ಬೇಕಾದ್ದು.

ಈಗ ಪುಸ್ತಕದಲ್ಲಿ ಹೆಚ್ಚು ಬರೆಯದ ಒಂದು ವಿಷಯ. ನಮ್ಮ ಸ್ಯಾಂಪಲ್ ಸ್ವೀಟ್. ಸಕ್ಕರೆ, ಬಿಸಿ, ಹಾಲು ಎಲ್ಲ ಒಟ್ಟಿಗೆ. ಬಿಸಿಗೆ ರೆಡ್ಯೂಸಿಂಗ್ ಶುಗರ್ ಹೋಗಿ ಲೈಸಿನಿಗೆ ಅಂಟಿಕೊಳ್ತದೆ, ಒಂದು ಹೆಕ್ಸೋಸ್ ಅಂಟಿದ್ರೆ ತೂಕ 162.0528 ಹೆಚ್ಚು, ಅಷ್ಟೇ ಅಲ್ಲ, ಅಂಟಿದ ಲೈಸಿನಲ್ಲಿ ಟ್ರಿಪ್ಸಿನ್ ಸರಿಯಾಗಿ ಕತ್ತರಿಸುದೂ ಇಲ್ಲ. ಹಸಿ ಬೀಜದಲ್ಲಿ ಚಂದ ಕಂಡ ಪೆಪ್ಟೈಡ್ ಹುರಿದದ್ದರಲ್ಲಿ ಮಾಯ ಆಗುದು ಹೀಗೆ. ಹಾಗಾಗಿ ಎರಡೂ ಬದಿಯಲ್ಲಿ ಆರ್ಜಿನಿನ್ ಹತ್ತಿರ ಕತ್ತರಿಸಿಕೊಂಡ, ಮಧ್ಯದಲ್ಲಿ ಲೈಸಿನ್ ಇಲ್ಲದ ಪೆಪ್ಟೈಡ್ ಸಿಕ್ಕಿದ್ರೆ ಅದನ್ನೇ ಮೊದಲ ಸಾಲಲ್ಲಿ ಇಡಿ.

ಕೊನೆಗೆ ಯೂನಿಕ್ ಚೆಕ್. ಈ ಪೆಪ್ಟೈಡ್ ಪಿಸ್ತಾದಲ್ಲಿ, ಮಾವಿನಲ್ಲಿ, ಬಾದಾಮಿ, ನೆಲಕಡಲೆ, ಗೋಧಿ, ಕಡಲೆ, ಹಾಲು, ತೆಂಗಿನಕಾಯಿಯಲ್ಲಿ ಉಂಟಾ ನೋಡಿ. ನೋಡುವಾಗ ಲ್ಯೂಸಿನ್ ಮತ್ತು ಐಸೋಲ್ಯೂಸಿನ್ ಎರಡನ್ನೂ ಒಂದೇ ಅಕ್ಷರ ಅಂತ ತಿಳ್ಕೊಂಡು ಹೋಲಿಸ್ಬೇಕು, ಎರಡರ ತೂಕವೂ 113.0841, ಮೆಷಿನಿಗೆ ಮಾಮೂಲಿಯಾಗಿ ವ್ಯತ್ಯಾಸ ಗೊತ್ತಾಗುದಿಲ್ಲ. ಬರೀ ಅಕ್ಷರ ಹೋಲಿಸಿ ಯೂನಿಕ್ ಅಂದುಬಿಟ್ರೆ ಅದು ಕಾಗದದ ಮೇಲೆ ಮಾತ್ರ ಯೂನಿಕ್. ಲೈಸಿನ್ ಮತ್ತು ಗ್ಲುಟಮಿನ್ ಕೂಡ ಹತ್ತಿರ ಹತ್ತಿರ, 128.0950 ಮತ್ತು 128.0586, ಆದ್ರೆ ಅದನ್ನು ಒಳ್ಳೆ ಮೆಷಿನ್ ಬೇರೆ ಮಾಡ್ತದೆ.

ಹಂತ 3: ಸಣ್ಣ ಕೋಡ್ ಸ್ವಂತ ಬರೀರಿ

ರೆಡಿಮೇಡ್ ಟೂಲ್ ಇರುವಾಗ ಯಾಕೆ ಬರೀಬೇಕು ಅಂತ ಕೇಳ್ಬಹುದು. ಒಂದು ಸಲ ಸ್ವಂತ ಲೆಕ್ಕ ಹಾಕಿದವನಿಗೆ ಸಾಫ್ಟ್‌ವೇರ್ ತಪ್ಪು ಸೆಟ್ಟಿಂಗಲ್ಲಿ ಓಡ್ತಾ ಉಂಟು ಅಂತ ಸ್ಕ್ರೀನ್ ನೋಡಿಯೇ ವಾಸನೆ ಬರ್ತದೆ, ಬೇರೆಯವರಿಗೆ ಬರುದಿಲ್ಲ. ಪೈಥಾನ್ ಸಾಕು. ಮೂರು ಫಂಕ್ಷನ್: ಒಂದು ಸೀಕ್ವೆನ್ಸ್ ಕತ್ತರಿಸುದು, ಒಂದು ತೂಕ ಹೇಳುದು, ಒಂದು ಯೂನಿಕ್ ಹೌದಾ ಅಂತ ನೋಡುದು.

ತೂಕದ ಫಂಕ್ಷನ್ ಟೆಸ್ಟ್ ಮಾಡ್ಲಿಕ್ಕೆ ಒಂದು ಆಟದ ಪೆಪ್ಟೈಡ್ ಕೊಡ್ತೇನೆ: ಸೆರಿನ್, ಅಲನಿನ್, ಮೆಥಿಯೋನಿನ್, ಪ್ರೋಲಿನ್, ಲ್ಯೂಸಿನ್, ಗ್ಲುಟಮಿಕ್ ಆಸಿಡ್, ಆರ್ಜಿನಿನ್. ಒಂದಕ್ಷರದ ಕೋಡಲ್ಲಿ ಬರೆದ್ರೆ ಇಂಗ್ಲಿಷಲ್ಲಿ ಸ್ಯಾಂಪ್ಲರ್ ಅಂತ ಆಗ್ತದೆ, ನೆನಪಿಡ್ಲಿಕ್ಕೆ ಸುಲಭ. ಸರಪಳಿಯೊಳಗೆ ಇರುವಾಗ, ಅಂದ್ರೆ ಒಂದು ನೀರು ಕಳೆದು, ಒಂದೊಂದರ ಮೋನೋಐಸೋಟೋಪಿಕ್ ತೂಕ (ಅತಿ ಸಾಮಾನ್ಯ ಐಸೋಟೋಪ್ ಹಿಡಿದ ಲೆಕ್ಕ) ಕ್ರಮವಾಗಿ 87.03203, 71.03711, 131.04049, 97.05276, 113.08406, 129.04259, 156.10111. ಕೂಡಿಸಿದ್ರೆ 784.39015. ಇದಕ್ಕೆ ಒಂದು ನೀರು 18.01056 ಸೇರಿಸ್ಬೇಕು, 802.40071 ಆಯ್ತು. ಎರಡು ಚಾರ್ಜ್ ಬೇಕಾದ್ರೆ ಎರಡು ಪ್ರೋಟಾನ್, ಒಂದೊಂದು 1.00728, ಸೇರಿಸಿ ಎರಡರಿಂದ ಭಾಗಿಸಿ. ಉತ್ತರ 402.2076.

ನಿಮ್ಮ ಕೋಡ್ 393.2024 ಅಂತ ಹೇಳಿದ್ರೆ ನೀರು ಬಿಟ್ಟುಹೋಗಿದೆ. 401.2004 ಬಂದ್ರೆ ಪ್ರೋಟಾನ್ ಬಿಟ್ಟುಹೋಗಿದೆ. 402.2082 ಬಂದ್ರೆ? ಅದು ಮಜಾ ಇರುವ ತಪ್ಪು, ಪ್ರೋಟಾನ್ ಬದ್ಲು ಪೂರ್ತಿ ಹೈಡ್ರೋಜನ್ ಪರಮಾಣು ಸೇರಿಸಿದ್ದೀರಿ, ಎಲೆಕ್ಟ್ರಾನಿನ ತೂಕ ಒಳಗೆ ಬಂದುಬಿಟ್ಟಿದೆ, 1.4 ಪಿಪಿಎಂ ಹತ್ತಿರ ವ್ಯತ್ಯಾಸ. ಹಳೇ ಮೆಷಿನಲ್ಲಿ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ, ತೂಕ ಬಹಳ ನಿಖರವಾಗಿ ಅಳೆಯುವ ಈಗಿನ ಆರ್ಬಿಟ್ರ್ಯಾಪ್ ಮೆಷಿನಲ್ಲಿ ಇಡೀ ಡೇಟಾ ಒಂದು ಬದಿಗೆ ಜಾರಿದ ಹಾಗೆ ಕಾಣ್ತದೆ, ಆಮೇಲೆ ಮೆಷಿನ್ ಕ್ಯಾಲಿಬ್ರೇಶನ್ ಸರಿ ಇಲ್ಲ ಅಂತ ಆಪರೇಟರ್ ಹತ್ರ ಜಗಳ ಮಾಡ್ಬೇಡಿ.

ಚೂರುಗಳ ತೂಕವನ್ನೂ ಹಾಕಿ. ಕೊನೆಯ ತುದಿಯಿಂದ ಎಣಿಸುದು ವೈ ಸಾಲು, ಮೊದಲ ತುದಿಯಿಂದ ಎಣಿಸುದು ಬಿ ಸಾಲು. ಇದರಲ್ಲಿ ವೈ-1 ಅಂದ್ರೆ ಆರ್ಜಿನಿನ್ ಒಂದೇ, 175.1190. ವೈ-4 514.2984, ವೈ-5 645.3389. ಮೆಥಿಯೋನಿನ್ ಆಕ್ಸಿಡೈಸ್ ಆದ್ರೆ ವೈ-4 ಅಲ್ಲಾಡುದಿಲ್ಲ, ವೈ-5 ಮಾತ್ರ 661.3338ಕ್ಕೆ ಹೋಗ್ತದೆ, ಬದಲಾವಣೆ ಯಾವ ಜಾಗದಲ್ಲಿ ಅಂತ ಕಂಡುಹಿಡಿಯುದು ಹೀಗೆಯೇ. ಪ್ರೋಲಿನಿನ ಮುಂಚೆ ಪೆಪ್ಟೈಡ್ ಒಡೆಯುದು ಜಾಸ್ತಿ, ಹಾಗಾಗಿ ಇಲ್ಲಿ ವೈ-4 ದೊಡ್ಡ ಪೀಕ್ ಆಗಿ ಬರ್ಬೇಕು ಅಂತ ಮೊದ್ಲೇ ಊಹಿಸ್ಬಹುದು.

ಈ ನಂಬರ್‌ಗಳನ್ನೇ ಟೆಸ್ಟ್ ಫೈಲಲ್ಲಿ ಹಾಕಿಡಿ, ಕೋಡ್ ಮುಟ್ಟಿದಾಗಲೆಲ್ಲ ಓಡಿಸಿ. ಅದು ಆದ ಮೇಲೆ ಪೈಟಿಯೋಮಿಕ್ಸ್ ಅಥವಾ ಪೈಓಪನ್‌ಎಂಎಸ್ ಲೈಬ್ರರಿ ಹಾಕಿ ಅದರ ಉತ್ತರಕ್ಕೆ ನಿಮ್ಮದು ತಾಳೆ ಆಗ್ತದಾ ನೋಡಿ, ಆದ್ರೆ ಮುಂದಕ್ಕೆ ಲೈಬ್ರರಿಯದ್ದನ್ನೇ ಉಪಯೋಗಿಸಿ, ಎಲ್ಲ ಸ್ವಂತ ಬರೀಬೇಕು ಅಂತ ಹಠ ಬೇಡ.

ಹಂತ 4: ಬೇರೆಯವರ ಡೇಟಾ ತಗೊಂಡು ಅಭ್ಯಾಸ

ಪ್ರಪಂಚದ ಲ್ಯಾಬ್‌ಗಳು ಪೇಪರ್ ಹಾಕುವಾಗ ಮೆಷಿನಿಂದ ಬಂದ ಮೂಲ ಫೈಲನ್ನು ಪ್ರೈಡ್, ಮ್ಯಾಸಿವ್ ಮುಂತಾದ ಕಡೆ ಹಾಕ್ತಾರೆ, ಎಲ್ಲ ಸೇರಿ ಪ್ರೋಟಿಯೋಮ್‌ಎಕ್ಸ್‌ಚೇಂಜ್ ಅಂತ ಒಂದು ಒಕ್ಕೂಟ. ಪಿಎಕ್ಸ್‌ಡಿ ಅಂತ ಶುರುವಾಗುವ ನಂಬರ್ ಇರ್ತದೆ. ಮರದ ಬೀಜ, ಫುಡ್ ಅಲರ್ಜೆನ್ ಅಂತ ಹುಡುಕಿ ಒಂದೆರಡು ಫೈಲ್ ಇಳಿಸಿ. ಒಂದೊಂದು ಫೈಲೇ ಒಂದು ಜಿಬಿ ಆಸುಪಾಸು ಇರ್ತದೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಅವಸ್ಥೆ ನಿಮಗೂ ಗೊತ್ತುಂಟಲ್ಲ, ಅರ್ಧಕ್ಕೆ ನಿಂತದ್ದನ್ನು ಅಲ್ಲಿಂದಲೇ ಮುಂದುವರಿಸುವ ಡೌನ್‌ಲೋಡರ್ ಹಾಕಿ ರಾತ್ರಿ ಬಿಟ್ಟು ಮಲಗಿ.

ಒಂದೊಂದು ಕಂಪೆನಿಯ ಮೆಷಿನಿಗೆ ಒಂದೊಂದು ಫಾರ್ಮ್ಯಾಟ್. ಪ್ರೋಟಿಯೋವಿಝಾರ್ಡ್ ಜೊತೆ ಬರುವ ಎಂಎಸ್‌ಕನ್ವರ್ಟ್ ಹಾಕಿ ಎಂಝಡ್‌ಎಂಎಲ್ ಅನ್ನುವ ಓಪನ್ ಫಾರ್ಮ್ಯಾಟಿಗೆ ತನ್ನಿ. ಪೀಕ್ ಪಿಕ್ಕಿಂಗ್ (ಅಗಲದ ಪೀಕನ್ನು ಒಂದೇ ನಂಬರ್ ಮಾಡುದು) ಟಿಕ್ ಮಾಡ್ಲಿಕ್ಕೆ ಮರೀಬೇಡಿ, ಮರೆತ್ರೆ ಫೈಲ್ ಊದಿಕೊಳ್ತದೆ, ಮುಂದಿನ ಹಂತದ ಸರ್ಚ್ ಕೂಡ ಸರಿಯಾಗಿ ಆಗುದಿಲ್ಲ.

ಹಂತ 5: ಸರ್ಚ್ ಓಡಿಸಿ, ಆದ್ರೆ ನಂಬ್ಬೇಡಿ

ಸರ್ಚ್ ಅಂದ್ರೆ ಒಂದೊಂದು ಸ್ಪೆಕ್ಟ್ರಮನ್ನು, ಅಂದ್ರೆ ಒಂದು ಪೆಪ್ಟೈಡಿನ ಚೂರುಗಳ ತೂಕದ ಪೀಕ್‌ಗಳನ್ನು, ಡೇಟಾಬೇಸಿನ ಸೀಕ್ವೆನ್ಸಿಗೆ ತಾಳೆ ಹಾಕಿ ಹೆಸರು ಹುಡುಕುದು. ಅದಕ್ಕೆ ಸಾಫ್ಟ್‌ವೇರ್ ತುಂಬಾ ಉಂಟು. ಈ ಜಾತಿಯ ಮೊದಲ ದೊಡ್ಡ ಹೆಸರು 1994ರ ಸೀಕ್ವೆಸ್ಟ್, ಅದೇ ವಂಶದ ಕಾಮೆಟ್ ಈಗ ಓಪನ್ ಸೋರ್ಸ್. ಮ್ಯಾಕ್ಸ್‌ಕ್ವಾಂಟ್ 2008ರಲ್ಲಿ ಬಂತು, ಫ್ರೀ. ಎಂಎಸ್‌ಫ್ರಾಗರನ್ನು ಒಳಗೆ ಇಟ್ಕೊಂಡ ಫ್ರಾಗ್‌ಪೈಪ್ ಬಹಳ ಸ್ಪೀಡ್, ಓದುವವರಿಗೆ ಫ್ರೀ. ಸೇಜ್ ಅನ್ನುದು ರಸ್ಟ್ ಭಾಷೆಯಲ್ಲಿ ಬರೆದದ್ದು, ಕಮಾಂಡ್ ಲೈನಲ್ಲಿ ಓಡ್ತದೆ, ಕೋಡ್ ಓದಿ ಕಲೀಲಿಕ್ಕೆ ಒಳ್ಳೇದು. ಡಿಐಎ ಡೇಟಾ (ಒಂದೊಂದೇ ಪೆಪ್ಟೈಡ್ ಆರಿಸದೆ ಒಟ್ಟಿಗೆ ಒಡೆದು ಅಳೆದದ್ದು) ಆದ್ರೆ ಡಿಐಎ-ಎನ್‌ಎನ್. ಹೊಸಬರು ಯಾವುದಾದ್ರೂ ಒಂದು ಹಿಡ್ಕೊಳ್ಳಿ, ಐದು ಟೂಲ್ ಅರ್ಧರ್ಧ ಕಲಿತು ಪ್ರಯೋಜನ ಇಲ್ಲ.

ಈಗ ಮುಖ್ಯ ವಿಷಯ, ಡೇಟಾಬೇಸ್. ನಮಗೆ ಬೇಕಾದ್ದು ಗೇರುಬೀಜದ ಮೂರು ಪ್ರೋಟೀನ್ ತಾನೆ, ಮೂರನ್ನೇ ಫಾಸ್ಟಾದಲ್ಲಿ ಹಾಕಿ ಸರ್ಚ್ ಮಾಡುವಾ ಅಂತ ತುಂಬಾ ಜನ ಮಾಡ್ತಾರೆ. ದೊಡ್ಡ ತಪ್ಪು. ಬೂತಲ್ಲಿ ಮೂರೇ ಹೆಸರಿರುವ ವೋಟರ್ ಲಿಸ್ಟ್ ಇಟ್ಕೊಂಡು ಬಂದವರನ್ನೆಲ್ಲ ಆ ಮೂವರಲ್ಲಿ ಒಬ್ಬ ಅಂತ ಟಿಕ್ ಹಾಕಿದ ಹಾಗೆ ಆಗ್ತದೆ. ಸ್ಪೆಕ್ಟ್ರಮಿಗೆ ಸರಿಯಾದ ಉತ್ತರ ಲಿಸ್ಟಲ್ಲೇ ಇಲ್ಲದಿದ್ರೆ ಅದು ಇದ್ದದ್ದರಲ್ಲಿ ಹತ್ತಿರದ್ದಕ್ಕೆ ಹೋಗಿ ಕೂರ್ತದೆ. ಹಾಗಾಗಿ ಸ್ವೀಟಲ್ಲಿ ಇರಬಹುದಾದ್ದೆಲ್ಲ ಹಾಕಿ: ಗೇರಿನ ಇಡೀ ಸೆಟ್, ಪಿಸ್ತಾ, ಬಾದಾಮಿ, ಹಾಲಿನ ಪ್ರೋಟೀನ್, ಗೋಧಿ, ಕಡಲೆ, ತೆಂಗು, ಅದರ ಮೇಲೆ ಸಾಮಾನ್ಯ ಕಲಬೆರಕೆ ಲಿಸ್ಟ್, ಅದರಲ್ಲಿ ಮನುಷ್ಯರ ಚರ್ಮ ಕೂದಲಿನ ಕೆರಟಿನ್ ಮತ್ತು ನಾವೇ ಹಾಕಿದ ಟ್ರಿಪ್ಸಿನ್ ಇರ್ಲೇಬೇಕು.

ಇನ್ನು ಡಿಕಾಯ್. ಎಲ್ಲ ಸೀಕ್ವೆನ್ಸನ್ನೂ ತಿರುಗಿಸಿ ಸುಳ್ಳು ಸೀಕ್ವೆನ್ಸ್ ಮಾಡಿ ಒಟ್ಟಿಗೆ ಸರ್ಚ್ ಮಾಡ್ತೇವೆ. ಸುಳ್ಳಿಗೆ ಎಷ್ಟು ಮ್ಯಾಚ್ ಬಂತೋ ನಿಜದ ಬದಿಯಲ್ಲೂ ಸುಮಾರು ಅಷ್ಟೇ ಸುಳ್ಳು ಅಡಗಿರ್ಬೇಕು ಅನ್ನುದು ಲೆಕ್ಕ. ಪಾಸ್ ಆದದ್ದರಲ್ಲಿ ಈ ಸುಳ್ಳಿನ ಪಾಲಿಗೆ ಎಫ್‌ಡಿಆರ್ ಅಂತಾರೆ, ಸಾಮಾನ್ಯವಾಗಿ 1 ಪರ್ಸೆಂಟ್ ಇಡ್ತಾರೆ. 20,000 ಸ್ಪೆಕ್ಟ್ರಮ್ ಪಾಸ್ ಆದ್ರೆ ಅದರಲ್ಲಿ 200 ತಪ್ಪು ಇರ್ಬಹುದು ಅಂತ ಅರ್ಥ. ಆದ್ರೆ ಇಲ್ಲಿ ಒಂದು ಗುಂಡಿ ಉಂಟು, ಸರಿಯಾದ ಮ್ಯಾಚ್‌ಗಳು ಕೆಲವೇ ಪ್ರೋಟೀನಿನ ಮೇಲೆ ರಾಶಿ ಬೀಳ್ತವೆ, ತಪ್ಪು ಮ್ಯಾಚ್ ಒಂದೊಂದೂ ಬೇರೆ ಬೇರೆ ಪ್ರೋಟೀನಿನ ಮೇಲೆ ಚೆಲ್ಲಿ ಹೋಗ್ತದೆ, ಹಾಗಾಗಿ ಸ್ಪೆಕ್ಟ್ರಮ್ ಲೆವೆಲಲ್ಲಿ 1 ಪರ್ಸೆಂಟ್ ಇದ್ದದ್ದು ಪ್ರೋಟೀನ್ ಲೆವೆಲಿಗೆ ಬರುವಾಗ ತುಂಬಾ ಜಾಸ್ತಿ ಆಗ್ತದೆ. ಮೂರು ಲೆವೆಲಲ್ಲೂ, ಸ್ಪೆಕ್ಟ್ರಮ್, ಪೆಪ್ಟೈಡ್, ಪ್ರೋಟೀನ್, ಬೇರೆ ಬೇರೆ ಎಫ್‌ಡಿಆರ್ ನೋಡ್ಬೇಕು.

ಇದು ದೊಡ್ಡವರಿಗೂ ತಟ್ಟಿದ ವಿಷಯ. 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಮಾನವ ಪ್ರೋಟಿಯೋಮಿನ ಎರಡು ಡ್ರಾಫ್ಟ್ ಒಟ್ಟಿಗೆ ಬಂತು, ಒಂದರಲ್ಲಿ ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸಿನವರ ಪಾಲು ದೊಡ್ಡದು, 30 ಬಗೆಯ ಸ್ಯಾಂಪಲಿಂದ 17,294 ಜೀನ್‌ಗಳ ಪ್ರೋಟೀನ್ ವರದಿ ಮಾಡಿದ್ರು, ನಿಜಕ್ಕೂ ಹೆಮ್ಮೆಯ ಕೆಲಸ. ಆಮೇಲೆ ಬೇರೆಯವರು ಕೂತು ನೋಡುವಾಗ ಎರಡೂ ಡ್ರಾಫ್ಟಲ್ಲಿ ಮೂಗಲ್ಲಿ ವಾಸನೆ ಹಿಡಿಯುವ ರಿಸೆಪ್ಟರ್‌ಗಳು ಸುಮಾರು ಕಂಡಿತು, ಆ ಸ್ಯಾಂಪಲ್‌ಗಳಿಂದ ಅಷ್ಟೊಂದು ಬರುದು ಹೇಗೆ ಅಂತ ಪ್ರಶ್ನೆ ಎದ್ದಿತು. ನನಗೆ ಇದರಲ್ಲಿ ಇಷ್ಟ ಆದದ್ದು ಹುಡುಕಿದ ರೀತಿ. ಬರ್ಲೇಬಾರದ ಪ್ರೋಟೀನ್ ಬಂತಾ ಅಂತ ನೋಡುದು. ನೀವೂ ಅದನ್ನೇ ಮಾಡಿ, ಸ್ವೀಟಲ್ಲಿ ಇರ್ಲಿಕ್ಕೇ ಸಾಧ್ಯ ಇಲ್ಲದ ಜೀವಿಯ ಪ್ರೋಟೀನ್, ಕುದಿಯುವಷ್ಟು ಬಿಸಿ ನೀರಲ್ಲಿ ಬದುಕುವ ಪೈರೋಕಾಕಸ್ ಫ್ಯೂರಿಯೋಸಸ್ ತರದ್ದು, ಡೇಟಾಬೇಸಿಗೆ ಸೇರಿಸಿ. ಇದಕ್ಕೆ ಎಂಟ್ರ್ಯಾಪ್‌ಮೆಂಟ್ ಅಂತಾರೆ. ಸಾಫ್ಟ್‌ವೇರ್ 1 ಪರ್ಸೆಂಟ್ ಅಂತ ಹೇಳ್ತಾ ಇರುವಾಗ ಪೈರೋಕಾಕಸ್ ಲೆಕ್ಕಕ್ಕಿಂತ ಜಾಸ್ತಿ ಬಂದ್ರೆ ಆ 1 ಪರ್ಸೆಂಟಿಗೆ ಬೆಲೆ ಇಲ್ಲ.

ಇನ್ನೊಂದು ಹಳ್ಳಿ ಬುದ್ಧಿ: ಮುಖ್ಯ ಪೆಪ್ಟೈಡಿನ ಸ್ಪೆಕ್ಟ್ರಮನ್ನು ಕಣ್ಣಾರೆ ನೋಡಿ. ದೊಡ್ಡ ಪೀಕ್‌ಗಳಿಗೆಲ್ಲ ಹೆಸರು ಬಂದಿದೆಯಾ, ವೈ ಸಾಲು ಮಧ್ಯೆ ಕಡಿಯದೆ ಹೋಗ್ತದಾ ಅಂತ. ಸ್ಕೋರ್ ಎಷ್ಟೇ ಇರ್ಲಿ, ದೊಡ್ಡ ಪೀಕ್‌ಗೆ ವಿವರಣೆ ಇಲ್ಲದಿದ್ರೆ ಬಿಡಿ.

ಹಂತ 6: ಸ್ಕೈಲೈನಲ್ಲಿ ಟಾರ್ಗೆಟ್ ಮೆಥಡ್ ಕಟ್ಟುದು

ಟಾರ್ಗೆಟ್ ಮೆಥಡ್ ಅಂದ್ರೆ ನಾವು ಆರಿಸಿದ ಪೆಪ್ಟೈಡ್‌ಗಳನ್ನು ಮಾತ್ರ ಮೆಷಿನ್ ನೋಡುವ ಹಾಗೆ ಮಾಡುದು. ಅದನ್ನು ಕಟ್ಲಿಕ್ಕೆ ವಾಷಿಂಗ್ಟನ್ ಯೂನಿವರ್ಸಿಟಿಯ ಮ್ಯಾಕಾಸ್ ಲ್ಯಾಬಿನವರ ಸ್ಕೈಲೈನ್ ಸಾಫ್ಟ್‌ವೇರ್ ಉಂಟು, ಫ್ರೀ, ವಿಂಡೋಸಲ್ಲಿ ಓಡ್ತದೆ. ನಿಮ್ಮ ಪೆಪ್ಟೈಡ್ ಲಿಸ್ಟ್, ಸರ್ಚಿಂದ ಬಂದ ಸ್ಪೆಕ್ಟ್ರಲ್ ಲೈಬ್ರರಿ (ಹೆಸರು ಸಿಕ್ಕಿದ ಸ್ಪೆಕ್ಟ್ರಮ್‌ಗಳ ಸಂಗ್ರಹ) ಎರಡೂ ಹಾಕಿ. ಒಂದು ಪ್ರೋಟೀನಿಗೆ ಎರಡರಿಂದ ಮೂರು ಪೆಪ್ಟೈಡ್, ಒಂದು ಪೆಪ್ಟೈಡಿಗೆ ನಾಲ್ಕೈದು ಚೂರು. ಚೂರು ಆರಿಸುವಾಗ ಪೆಪ್ಟೈಡಿನ ಎಂ ಬೈ ಝಡಿಗಿಂತ ಮೇಲಿರುವ ವೈ ಅಯಾನ್‌ಗಳಿಗೆ ಮೊದಲ ಮರ್ಯಾದೆ, ಅಲ್ಲಿ ಗಲಾಟೆ ಕಡಿಮೆ ಇರ್ತದೆ.

ಟೈಮಿಂಗ್ ಲೆಕ್ಕ ಮಾಡ್ಬೇಕು. ಕಾಲಮಿಂದ ಪೆಪ್ಟೈಡ್ ಹೊರಗೆ ಬರುವ ಪೀಕ್ 20 ಸೆಕೆಂಡ್ ಅಗಲ ಅಂತ ಇಟ್ಕೊಳ್ಳಿ, ಅದರ ಮೇಲೆ 10 ಪಾಯಿಂಟಾದ್ರೂ ಸಿಗ್ಬೇಕಾದ್ರೆ ಒಂದು ಸುತ್ತು 2 ಸೆಕೆಂಡಲ್ಲಿ ಮುಗೀಬೇಕು. ಕ್ಯೂ ಎಕ್ಸಾಕ್ಟಿವ್ ತರದ ಮೆಷಿನಲ್ಲಿ 17,500 ರೆಸಲ್ಯೂಶನ್ ಇಟ್ರೆ ಒಂದು ಸ್ಕ್ಯಾನಿಗೆ 64 ಮಿಲಿಸೆಕೆಂಡ್. ಅಂದ್ರೆ ಒಂದು ಸಮಯಕ್ಕೆ 30 ಟಾರ್ಗೆಟ್ ಮಾತ್ರ. ಅದಕ್ಕಿಂತ ಹೆಚ್ಚು ಬೇಕಾದ್ರೆ ಯಾವ ಪೆಪ್ಟೈಡ್ ಎಷ್ಟೊತ್ತಿಗೆ ಬರ್ತದೆ ಅಂತ ನೋಡಿ ಶೆಡ್ಯೂಲ್ ಮಾಡಿ, ಎಲ್ಲವನ್ನೂ ಎಲ್ಲ ಹೊತ್ತೂ ನೋಡುದು ಬೇಡ. ಬರುವ ಹೊತ್ತು ದಿನದಿಂದ ದಿನಕ್ಕೆ ಜಾರ್ತದೆ, ಅದಕ್ಕೆ ಬರುವ ಕ್ರಮ ಮೊದ್ಲೇ ಗೊತ್ತಿರುವ, ಐಆರ್‌ಟಿ ಅನ್ನುವ ಪೆಪ್ಟೈಡ್‌ಗಳನ್ನು ಹಾಕಿ ಸರಿಹೊಂದಿಸ್ತಾರೆ.

ಹಂತ 7: ಸ್ಯಾಂಪಲ್ ತಯಾರಿ (ಇದು ಮನೆ ಕೆಲಸ ಅಲ್ಲ, ಲ್ಯಾಬಲ್ಲೇ)

ಬೀಜ ಯಾವುದು ಅಂತ ಸರಿಯಾಗಿ ಗೊತ್ತಿರ್ಬೇಕು, ಅಂಗಡಿಯ ಮಿಕ್ಸ್ ಬೇಡ. ಪುತ್ತೂರಲ್ಲೇ ಗೇರು ಸಂಶೋಧನಾ ನಿರ್ದೇಶನಾಲಯ ಉಂಟು, ಭಾಸ್ಕರ, ಉಳ್ಳಾಲ, ವೆಂಗುರ್ಲಾ ಹೀಗೆ ತಳಿಗಳ ಹೆಸರು ಅಲ್ಲಿಯವರಿಗೆ ಬಾಯಿಪಾಠ, ಗೈಡ್ ಮೂಲಕ ಪತ್ರ ಬರೆದು ಕೇಳಿ. ನಾಲ್ಕೈದು ತಳಿಯಲ್ಲೂ ಸಿಗುವ ಪೆಪ್ಟೈಡೇ ಕೊನೆಗೆ ಉಳೀಬೇಕು.

ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದ ಹತ್ತಿರ ಎಣ್ಣೆ, ಹಾಗಾಗಿ ಪುಡಿ ಮಾಡಿ ಹೆಕ್ಸೇನಲ್ಲಿ ಎಣ್ಣೆ ತೆಗೀಬೇಕು, ಫ್ಯೂಮ್ ಹುಡ್ ಒಳಗೆ, ಹತ್ತಿರ ಬೆಂಕಿ ಇರ್ಬಾರ್ದು. ಆಮೇಲೆ ಯೂರಿಯಾ ಬಫರಲ್ಲಿ ಪ್ರೋಟೀನ್ ಬಿಡಿಸುದು, ಡೈಸಲ್ಫೈಡ್ ಕಟ್ಟು ಒಡೀಲಿಕ್ಕೆ ಡಿಟಿಟಿ, ಅಯೋಡೋಅಸಿಟಮೈಡ್ ಕತ್ತಲೆಯಲ್ಲಿ ಅರ್ಧ ಗಂಟೆ, ನೀರು ಸೇರಿಸಿ ಯೂರಿಯಾ 2 ಮೋಲಾರಿಗಿಂತ ಕೆಳಗೆ ತಂದು ಪ್ರೋಟೀನ್ 50ಕ್ಕೆ ಟ್ರಿಪ್ಸಿನ್ 1 ಲೆಕ್ಕದಲ್ಲಿ ಹಾಕಿ 37 ಡಿಗ್ರಿಯಲ್ಲಿ ರಾತ್ರಿ ಪೂರ್ತಿ, ಬೆಳಿಗ್ಗೆ ಫಾರ್ಮಿಕ್ ಆಸಿಡ್, ಸಿ-18 ಅನ್ನುವ ಸಣ್ಣ ಕಾಲಮಲ್ಲಿ ಕ್ಲೀನ್. ಯೂರಿಯಾ ಇರುವಾಗ 37 ಡಿಗ್ರಿಗಿಂತ ಬಿಸಿ ಮಾಡ್ಬೇಡಿ, ಕಾರ್ಬಮೈಲೇಶನ್ (ಯೂರಿಯಾದಿಂದ ಬಂದ ತುಂಡು ಪ್ರೋಟೀನಿಗೆ ಅಂಟುದು) ಆಗಿ 43.0058 ಸೇರ್ತದೆ.

ಡಿಟರ್ಜೆಂಟಲ್ಲಿ ತೊಳೆದ ಗಾಜು, ಕೈಗೆ ಹಚ್ಚಿದ ಕ್ರೀಮ್, ಟ್ರೈಟನ್ ಇರುವ ಬಫರ್, ಇದ್ಯಾವುದೂ ಹತ್ತಿರ ಬೇಡ. 44.026 ಅಂತರದಲ್ಲಿ ಸಾಲಾಗಿ ಪೀಕ್ ಬಂದ್ರೆ ಅದು ಪಾಲಿಎಥಿಲಿನ್ ಗ್ಲೈಕಾಲ್, ಪ್ರೋಟೀನ್ ಅಲ್ಲ. 421.76ರಲ್ಲಿ ಯಾವಾಗ್ಲೂ ಕಾಣುವ ಪೀಕ್ ಹಂದಿ ಟ್ರಿಪ್ಸಿನ್ ತನ್ನನ್ನು ತಾನೇ ಕತ್ತರಿಸಿಕೊಂಡದ್ದು, ಹೊಸ ಆವಿಷ್ಕಾರ ಅಂತ ಕುಣೀಬೇಡಿ.

ಹಂತ 8: ಮೆಷಿನ್ ಟೈಮ್

ದೇರಳಕಟ್ಟೆಯ ಯೆನೆಪೋಯ ಯೂನಿವರ್ಸಿಟಿಯಲ್ಲಿ ಪ್ರೋಟಿಯೋಮಿಕ್ಸ್ ಮಾಡುವವರಿದ್ದಾರೆ, ನಮಗೆ ಅದೇ ಹತ್ತಿರ. ಬೆಂಗಳೂರಿನ ಸಿ-ಕ್ಯಾಂಪ್, ತಿರುವನಂತಪುರದ ರಾಜೀವ್ ಗಾಂಧಿ ಸೆಂಟರ್ ಫಾರ್ ಬಯೋಟೆಕ್ನಾಲಜಿ, ಐಐಟಿ ಬಾಂಬೆ ಕೂಡ ಉಂಟು. ಐ-ಸ್ಟೆಮ್ ಪೋರ್ಟಲಲ್ಲಿ ಎಲ್ಲೆಲ್ಲಿ ಯಾವ ಉಪಕರಣ ಅಂತ ನೋಡ್ಬಹುದು. ಹೊರಗಿನವರಿಗೆ ರೇಟ್ ಬೇರೆ ಇರ್ತದೆ, ಮೊದ್ಲೇ ಕೇಳಿ. ಹೋಗುವಾಗ ಸ್ಕೈಲೈನಿಂದ ತೆಗೆದ ಮೆಥಡ್ ಲಿಸ್ಟ್, ಬಫರಲ್ಲಿ ಎಂತೆಲ್ಲ ಇದೆ ಅಂತ ಪಟ್ಟಿ, ಪೆಪ್ಟೈಡ್ ಎಷ್ಟು ಮೈಕ್ರೋಗ್ರಾಂ ಅಂತ ಲೆಕ್ಕ ಕೈಯಲ್ಲಿರ್ಲಿ, ಆಪರೇಟರಿನ ಅರ್ಧ ಪ್ರೀತಿ ಅಲ್ಲೇ ಸಿಗ್ತದೆ. ರನ್ ಕ್ರಮ ನೀವೇ ಬರ್ಕೊಡಿ: ಮೊದ್ಲು ಬ್ಲ್ಯಾಂಕ್ (ಸ್ಯಾಂಪಲ್ ಇಲ್ಲದ ಖಾಲಿ ರನ್), ಕಡಿಮೆಯಿಂದ ಹೆಚ್ಚಿಗೆ, ದೊಡ್ಡ ಸ್ಯಾಂಪಲ್ ಆದ ಮೇಲೆ ಮತ್ತೆ ಬ್ಲ್ಯಾಂಕ್. ಹಿಂದಿನ ರನ್ನಿನ ಉಳಿಕೆ ಕಾಲಮಲ್ಲಿ ಕೂತಿರ್ತದೆ, ಬ್ಲ್ಯಾಂಕ್ ಇಲ್ಲದಿದ್ರೆ ಕಾಜು ಇಲ್ಲದ ಸ್ವೀಟಲ್ಲೂ ಕಾಜು ಕಾಣ್ತದೆ.

ಹಂತ 9: ನಿಮ್ಮ ಮೆಥಡನ್ನು ನೀವೇ ಸೋಲಿಸಿ ನೋಡಿ

ಕಾಜು ಇಲ್ಲದ ಸ್ವೀಟ್ ಸ್ವಂತ ಮಾಡಿ, ಅದಕ್ಕೆ ಗೊತ್ತಿರುವ ಪ್ರಮಾಣದಲ್ಲಿ ಕಾಜು ಪುಡಿ ಹಾಕಿ, 0, 1, 5, 10, 50, 100 ಪಿಪಿಎಂ (ಇಲ್ಲಿ ಪಿಪಿಎಂ ಅಂದ್ರೆ ಕೆಜಿಗೆ ಮಿಲಿಗ್ರಾಂ). ಪುಡಿಯನ್ನು ಪಾಕಕ್ಕೆ ಮೊದ್ಲೇ ಹಾಕಿ ಬೇಯಿಸಿದ್ದು ಒಂದು ಸೆಟ್, ಸ್ವೀಟ್ ಆದ ಮೇಲೆ ಬೆರೆಸಿದ್ದು ಇನ್ನೊಂದು ಸೆಟ್. ಹೆಚ್ಚಿನವರು ಎರಡನೆಯದ್ದು ಮಾತ್ರ ಮಾಡ್ತಾರೆ, ಅದು ಸುಲಭ, ರಿಕವರಿ (ಹಾಕಿದ್ದರಲ್ಲಿ ವಾಪಸ್ ಸಿಕ್ಕಿದ ಪಾಲು) ಚಂದ ಬರ್ತದೆ, ಆದ್ರೆ ಅಂಗಡಿಯ ಸ್ವೀಟ್ ಹಾಗೆ ಆದದ್ದಲ್ಲ. ಎರಡಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಥೀಸಿಸಿನ ಒಳ್ಳೆ ಅಧ್ಯಾಯ ಆಗ್ಬಹುದು. ಪಿಸ್ತಾ ಮಾತ್ರ ಹಾಕಿದ ಸ್ವೀಟೂ ಇರ್ಲಿ, ಅದರಲ್ಲಿ ಸಿಗ್ನಲ್ ಬಂದ್ರೆ ಪೆಪ್ಟೈಡ್ ಲಿಸ್ಟಿಗೆ ವಾಪಸ್.

ಪ್ರಮಾಣ ಖಚಿತವಾಗಿ ಹೇಳ್ಬೇಕಾದ್ರೆ ಹೆವಿ ಲೇಬಲ್ ಪೆಪ್ಟೈಡ್ ತರಿಸ್ಬೇಕು, ಲೈಸಿನ್ ಆದ್ರೆ 8.0142, ಆರ್ಜಿನಿನ್ ಆದ್ರೆ 10.0083 ತೂಕ ಹೆಚ್ಚು, ಬಾಕಿ ಎಲ್ಲ ಒಂದೇ, ಒಟ್ಟಿಗೇ ಕಾಲಮಿಂದ ಬರ್ತದೆ. ದುಡ್ಡು ಬೀಳ್ತದೆ, ಹಾಗಾಗಿ ಪೆಪ್ಟೈಡ್ ಆಯ್ಕೆ ಪೂರ್ತಿ ಮುಗಿದ ಮೇಲೆಯೇ ಆರ್ಡರ್ ಮಾಡಿ. ಇದು ಜೀರ್ಣ ಆದ ಮೇಲಿನ ನಷ್ಟವನ್ನು ಮಾತ್ರ ಸರಿ ಮಾಡ್ತದೆ, ಟ್ರಿಪ್ಸಿನ್ ಅರ್ಧಂಬರ್ಧ ಕತ್ತರಿಸಿದ್ರೆ ಇದಕ್ಕೆ ಗೊತ್ತಾಗುದಿಲ್ಲ. ಅದಕ್ಕೆ 2, 4, 8, 16 ಗಂಟೆಗೆ ಸ್ಯಾಂಪಲ್ ತೆಗೆದು ಸಿಗ್ನಲ್ ಎಲ್ಲಿ ನಿಲ್ತದೆ ನೋಡಿ.

ಹಂತ 10: ಕೋಡ್, ಡೇಟಾ ಹೊರಗೆ ಬಿಡಿ

ಗಿಟ್‌ನಲ್ಲಿ ಹಾಕಿ, ಲೈಸೆನ್ಸ್ ಫೈಲ್ ಇರ್ಲಿ, ಇಲ್ಲದಿದ್ರೆ ಬೇರೆಯವರು ಮುಟ್ಟುವ ಹಾಗಿಲ್ಲ. ಲೈಬ್ರರಿಗಳ ವರ್ಷನ್ ನಂಬರ್ ಬರೆದಿಡಿ. ಸ್ಯಾಂಪ್ಲರ್ ಪೆಪ್ಟೈಡಿನ ಟೆಸ್ಟ್, ಹತ್ತಿಪ್ಪತ್ತು ಸ್ಪೆಕ್ಟ್ರಮ್ ಇರುವ ಸಣ್ಣ ಎಂಝಡ್‌ಎಂಎಲ್ ಫೈಲ್ ಒಟ್ಟಿಗೆ ಕೊಡಿ, ಹೊಸಬ ಒಬ್ಬ ಇಳಿಸಿ ಐದು ನಿಮಿಷದಲ್ಲಿ ಓಡಿಸಿ ನೋಡುವ ಹಾಗೆ. ಮೂಲ ಫೈಲ್, ಫಾಸ್ಟಾ, ಸ್ಕೈಲೈನ್ ಡಾಕ್ಯುಮೆಂಟ್ ಪ್ರೈಡಿಗೆ ಹಾಕಿ, ಪೇಪರ್ ಬರುವ ತನಕ ಅದನ್ನು ಖಾಸಗಿಯಾಗಿ ಇಡ್ಲಿಕ್ಕೂ ಆಗ್ತದೆ. ಫೈಲಿಗೆ "ಫೈನಲ್", "ಫೈನಲ್ ನ್ಯೂ" ಅಂತ ಹೆಸರಿಟ್ಟಿದ್ರೆ ಹಾಕುವ ಮೊದ್ಲು ಬದಲಿಸಿ, ತಾರೀಕು, ತಳಿ, ಹಸಿಯೋ ಹುರಿದದ್ದೋ, ಎಷ್ಟನೇ ರಿಪ್ಲಿಕೇಟ್ ಅಂತ ಹೆಸರಲ್ಲೇ ಬರ್ಲಿ. ಯಾವ ಫೈಲ್ ಯಾವ ಸ್ಯಾಂಪಲ್ ಅನ್ನುವ ಟೇಬಲ್ ಬೇರೆಯಾಗಿ ಹಾಕ್ಲೇಬೇಕು, ಅದಿಲ್ಲದೆ ಹಾಕಿದ ಡೇಟಾ ತೆಗೆದು ನಾಲ್ಕನೇ ಹಂತ ಮಾಡ್ಲಿಕ್ಕೆ ಹೊರಟವರಿಗೆ ಎಷ್ಟು ಕಷ್ಟ ಅಂತ ಆ ಹೊತ್ತಿಗೆ ನಿಮಗೇ ಗೊತ್ತಾಗಿರ್ತದೆ.